ಹತ್ತಡಿಗೆ ಒಂದಿಂಚು

ಯಂತ್ರ ಬಂದರೆ ಅದನ್ನು ಓಡಿಸುವವರು ನೀವೇ ಎಂದು ರಘುರಾಮ ಕೋದರಕಾಕಾನಿಗೆ ಹೇಳಿದ್ದು ಮಳೆಗಾಲದ ಒಂದು ಮಧ್ಯಾಹ್ನ, ಗೋದಾಮಿನ ಎದುರಿನ ಚಹಾದಂಗಡಿಯಲ್ಲಿ. ಸುಳ್ಳು ಹೇಳುವ ಉದ್ದೇಶ ಅವನಿಗಿರಲಿಲ್ಲ. ನಿಜ ಹೇಳುವ ಉದ್ದೇಶವೂ ಇರಲಿಲ್ಲ. ಬಸಿಗೆ ಸುರಿದುಕೊಂಡ ಚಹಾವನ್ನು ಊದುತ್ತ ಕೂತಿದ್ದ ಕೋದರಕಾಕಾ ತಲೆಯೆತ್ತದೆ, "ಯಂತ್ರ ಬಂದ ಮೇಲೆ ನಾವು ಹದಿನಾರು ಜನ ಎಲ್ಲಿಗೆ, ಸಾಹೇಬ್?" ಎಂದು ಕೇಳಿದ್ದ. ಕೇಳಿದವನು ಉತ್ತರಕ್ಕೆ ಕಾಯುವವನಂತೆಯೂ ಇರಲಿಲ್ಲ. ಆದರೂ ಆ ಪ್ರಶ್ನೆ ಬೆಂಚಿನ ಮೇಲೆ ಇಬ್ಬರ ನಡುವೆ ಕೂತುಬಿಟ್ಟಿತು. ಅದನ್ನು ಎಬ್ಬಿಸಿ ಕಳಿಸದೆ ತಾನು ಏಳುವ ಹಾಗಿಲ್ಲ ಎಂದು ರಘುರಾಮನಿಗೆ ಅನ್ನಿಸಿತು.

"ಯಂತ್ರ ತಾನಾಗಿ ಓಡುತ್ತದೆಯೇ ಕಾಕಾ? ಯಾರಾದರೂ ಓಡಿಸಬೇಕಲ್ಲ. ಈ ಗೋದಾಮನ್ನು ನಿಮ್ಮಷ್ಟು ಬಲ್ಲವರು ಯಾರಿದ್ದಾರೆ?"

"ನಾನಾ?"

"ನೀವೇ."

ಕೋದರಕಾಕಾ ಬಸಿಯನ್ನು ಕೆಳಗಿಟ್ಟ. ಐವತ್ತರ ಆಸುಪಾಸಿನ ಆಳು. ಖೇಡಾ ಜಿಲ್ಲೆಯ ತನ್ನ ಹಳ್ಳಿಯ ಸುತ್ತಿನಿಂದಲೇ ಹದಿನೈದು ಜನರನ್ನು ಕರೆತಂದು ವಡೋದರಾದ ಈ ಬಣ್ಣದ ಕಾರ್ಖಾನೆಯಲ್ಲಿ ಹಮಾಲಿಗಳ ಟೋಳಿ ಕಟ್ಟಿದವನು. ಅವನ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಕಿವಿಯ ಹಿಂದಿನ ಚರ್ಮಕ್ಕೆ ಎಂದೋ ಇಳಿದ ನೀಲಿ ಬಣ್ಣ ಇನ್ನೂ ಬಿಟ್ಟಿರಲಿಲ್ಲ. ಅವನು ತನ್ನ ಅಂಗೈಗಳನ್ನು ನೋಡಿಕೊಂಡು, "ನಾನು ಮೇಲೆ ಕೂತರೆ ಉಳಿದವರಿಗೆ ಕೆಳಗೆ ಏನಾದರೂ ಕೆಲಸ ಹುಟ್ಟಿಸುತ್ತೇನೆ ಬಿಡಿ," ಎಂದ. ಅವನ ಗುಜರಾತಿ, ರಘುರಾಮನ ಮುರುಕು ಹಿಂದಿ, ಎರಡೂ ಸೇರಿ ಆದ ಭಾಷೆಯಲ್ಲಿ ಮಾತು ಕೊಟ್ಟದ್ದೂ ಆಯಿತು, ತೆಗೆದುಕೊಂಡದ್ದೂ ಆಯಿತು. ಸಂಜೆಯ ಹೊತ್ತಿಗೆ ಇಡೀ ಟೋಳಿಗೆ ಅದು ಗೊತ್ತಿತ್ತು. ಮರುದಿನ ಅವರಲ್ಲೊಬ್ಬ ಚೀಲ ಹೊತ್ತು ಹೋಗುವಾಗ ಕೋದರಕಾಕಾನನ್ನು 'ಡ್ರೈವರ್ ಸಾಹೇಬ್' ಎಂದು ಕೂಗಿ ಬೈಸಿಕೊಂಡ.

ರೂಪಾಯಿಯ ಬೆಲೆ ಇಳಿಸಿದ ಮರುವರ್ಷ, ಅರವತ್ತೇಳನೆಯ ಇಸವಿ ಅದು. ವಿದೇಶದಿಂದ ಒಂದು ಮೊಳೆ ತರಿಸಬೇಕಾದರೂ ದೆಹಲಿಯ ತನಕ ಅರ್ಜಿ ಹೋಗುತ್ತಿದ್ದ ಕಾಲದಲ್ಲಿ ಕಾರ್ಖಾನೆಗೆ ಹೇಗೋ ಒಂದು ಪರ್ಮಿಟ್ಟು ಸಿಕ್ಕಿತ್ತು: ಗೋದಾಮಿಗೆ ಸರಕು ಎತ್ತುವ ಒಂದು ಯಂತ್ರ. ಒಂದೇ ಒಂದು. ಯಾವುದೆಂದು ಆರಿಸುವ ಕೆಲಸವನ್ನು ಸ್ಟೋರ್ಸ್ ವಿಭಾಗದ ಮುಖ್ಯಸ್ಥರಾದ ಶಂಕರನಾರಾಯಣ ರಾಯರು ರಘುರಾಮನಿಗೆ ಒಪ್ಪಿಸಿದ್ದರು. ಅವರು ಕುಂದಾಪುರದ ಕಡೆಯವರು. ಪುತ್ತೂರಿನ ಹುಡುಗ ಎಂಬ ಒಂದೇ ಕಾರಣಕ್ಕೆ ರಘುರಾಮನಿಗೆ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ ಕೊಡಿಸಿದವರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕಾರ್ಖಾನೆಯಲ್ಲಿ ಕನ್ನಡ ಬರುತ್ತಿದ್ದವರು ಅವರಿಬ್ಬರೇ ಆದ್ದರಿಂದ ಗುಟ್ಟಿನ ಮಾತಿಗೆ ಬಾಗಿಲು ಹಾಕಿಕೊಳ್ಳುವ ಅಗತ್ಯವೂ ಇರಲಿಲ್ಲ.

"ನೋಡು ಮಾರಾಯ, ಇದು ನಿನ್ನ ಪರೀಕ್ಷೆ," ಎಂದಿದ್ದರು ರಾಯರು. "ಬೋರ್ಡಿನವರು ಓದುವ ರಿಪೋರ್ಟು. ಒಂದು ಕೂದಲೆಳೆಯಷ್ಟೂ ಬಿಡ್ಲಿಕ್ಕಿಲ್ಲ. ಸರಿಯಾಗಿ ಬರೆದಿಯೋ, ನಿನ್ನ ಖಾಯಂ ಕಾಗದ ನಾನೇ ಟೈಪ್ ಮಾಡಿಸ್ತೇನೆ."

ಎರಡು ಬಗೆಯ ಯಂತ್ರಗಳಿದ್ದವು. ಒಂದು, ಎಲ್ಲರೂ ಬಂದರುಗಳಲ್ಲಿ ನೋಡಿದ ಫೋರ್ಕ್‌ಲಿಫ್ಟು. ಮುಂದೆ ಎರಡು ಕಬ್ಬಿಣದ ನಾಲಿಗೆ, ಹಿಂದೆ ಅದಕ್ಕೆ ಸರಿದೂಗುವ ಎರಕದ ಭಾರ. ಚಾಚಿದ ಕೈಗಳಲ್ಲಿ ಮೂಟೆ ಹಿಡಿದು, ಮುಗ್ಗರಿಸದಂತೆ ಬೆನ್ನು ಹಿಂದಕ್ಕೆ ಎಳೆದು ನಡೆಯುವ ಮನುಷ್ಯನ ಹಾಗೆ. ಅದು ತಿರುಗಲು ಹನ್ನೆರಡೂವರೆ ಅಡಿ ಬೇಕು. ಇನ್ನೊಂದು ಇಂಗ್ಲೆಂಡಿನದು, ರೀಚ್ ಟ್ರಕ್ಕು. ಅದರ ಕಂಬವೇ ಮುಂದಕ್ಕೆ ಜಾರಿ ಸರಕನ್ನು ರ‍್ಯಾಕಿನೊಳಗೆ ಇಟ್ಟು, ಕಂಬವೇ ಹಿಂದಕ್ಕೆ ಸರಿದು ಬರುತ್ತದೆ. ಸಾಗುವಾಗ ಭಾರ ಅದರ ಎರಡು ಚಾಚುಕಾಲುಗಳ ನಡುವೆ, ಮಗುವನ್ನು ಸೊಂಟಕ್ಕೆ ಒತ್ತಿಕೊಂಡ ಹೆಂಗಸಿನ ಹಾಗೆ. ಚಾಲಕ ಅಡ್ಡಡ್ಡ ಕೂರುತ್ತಾನೆ. ಮುಂದೆಯೂ ಹಿಂದೆಯೂ ಕತ್ತು ತಿರುಗಿಸಿದರೆ ಕಾಣುತ್ತದೆ. ಒಂಬತ್ತು ಅಡಿ ಇದ್ದರೆ ಸಾಕು. ಬ್ಯಾಟರಿಯಿಂದ ಓಡುವುದರಿಂದ ಹೊಗೆಯಿಲ್ಲ, ಬಣ್ಣದ ಚೀಲಗಳಿಗೆ ಮಸಿ ಹಿಡಿಯುವುದಿಲ್ಲ. ಅದರ ಚಿತ್ರವಿದ್ದ ನುಣುಪು ಕಾಗದದ ಪುಸ್ತಿಕೆಯನ್ನು ರಘುರಾಮ ಕಾದಂಬರಿಯ ಹಾಗೆ ಕೋಣೆಗೆ ಒಯ್ದು ಮಲಗಿಕೊಂಡು ಓದುತ್ತಿದ್ದ.

ರ‍್ಯಾಕಿನಿಂದ ರ‍್ಯಾಕಿಗೆ ಟೇಪು ಹಿಡಿದರೆ ಗಲ್ಲಿ ಸರಿಯಾಗಿ ಹತ್ತು ಅಡಿ ಬಂತು. ಅವನು ಬರೆದುಕೊಂಡ. ಟೇಪಿನ ಆ ತುದಿ ಹಿಡಿದಿದ್ದ ಕೋದರಕಾಕಾ ನಕ್ಕ.

"ಕಬ್ಬಿಣ ಅಳೆದಿರಿ ಸಾಹೇಬ್. ಚೀಲ ಅಳೆಯಲಿಲ್ಲ."

"ಏನು ವ್ಯತ್ಯಾಸ?"

"ಚೀಲಕ್ಕೆ ಹೊಟ್ಟೆ ಇರುತ್ತದೆ. ನಾಲ್ಕು ದಿನ ಒಂದರ ಮೇಲೊಂದು ಕೂತರೆ ಕೆಳಗಿನದರ ಹೊಟ್ಟೆ ಹೊರಗೆ ಬರುತ್ತದೆ, ನಿಮ್ಮ ಶಂಕರ್ ಸಾಹೇಬರದ್ದರ ಹಾಗೆ. ಇಲ್ಲಿ ನೋಡಿ."

ಆಚೆ ಮೂರಿಂಚು, ಈಚೆ ಮೂರಿಂಚು. ಗಲ್ಲಿ ಒಂಬತ್ತೂವರೆ ಅಡಿಗೆ ಇಳಿಯಿತು. ಪುಸ್ತಿಕೆಯಲ್ಲೂ ಅದೇ ಇತ್ತು, ಸಣ್ಣ ಅಕ್ಷರದಲ್ಲಿ: ಅಳತೆ ಸರಕಿನಿಂದ ಸರಕಿಗೆ, ರ‍್ಯಾಕಿನಿಂದ ರ‍್ಯಾಕಿಗಲ್ಲ. ಮೂರು ಸಲ ಓದಿದರೂ ರಘುರಾಮನ ಕಣ್ಣಿಗೆ ಬಿದ್ದಿರಲಿಲ್ಲ. ಓದು ಬಾರದ ಮನುಷ್ಯ ಅದನ್ನು ಚೀಲದ ಹೊಟ್ಟೆ ಸವರಿ ಹೇಳಿದ್ದ. ಆ ದಿನ ತಾನು ಕೊಟ್ಟ ಮಾತು ಅಷ್ಟೇನೂ ಪೊಳ್ಳಲ್ಲ ಎಂದು ರಘುರಾಮನಿಗೆ ಸಮಾಧಾನವಾಯಿತು. ಇವನಲ್ಲದೆ ಮತ್ತೆ ಯಾರು ಓಡಿಸಬೇಕು?

ದಸರೆ ಕಳೆದು ಎರಡು ವಾರಕ್ಕೆ ಅವನು ಅಹಮದಾಬಾದಿಗೆ ಹೋದ. ಅಲ್ಲಿನ ಒಂದು ಬಟ್ಟೆ ಮಿಲ್ಲಿನ ಗೋದಾಮಿನಲ್ಲಿ ರೀಚ್ ಟ್ರಕ್ಕು ಓಡುತ್ತಿದೆ ಎಂದು ಸುದ್ದಿಯಿತ್ತು. ಮಣಿನಗರ ಸ್ಟೇಶನ್ನಿನ ಬಳಿ ಉಡುಪಿ ಹೋಟೆಲು ನಡೆಸುತ್ತಿದ್ದ ಅಕ್ಕನ ಗಂಡ ಗಣಪತಿ ಭಾವನಲ್ಲಿ ಇಳಿದುಕೊಂಡು ಬೆಳಿಗ್ಗೆಯೇ ಮಿಲ್ಲಿಗೆ ಹೋದವನು ಊಟದ ಹೊತ್ತಿಗೆ ಮುಖ ಅರಳಿಸಿಕೊಂಡು ಬಂದ. ಇಪ್ಪತ್ತಡಿ ಎತ್ತರದಲ್ಲಿ ಬಟ್ಟೆಯ ಬೇಲನ್ನು ಅದು ಇಟ್ಟ ರೀತಿ! ಸದ್ದಿಲ್ಲ, ಬೈಗುಳವಿಲ್ಲ, ಬೆವರಿಲ್ಲ. ಕಂಬ ಜಾರಿ ಮುಂದೆ ಹೋಗಿ, ಭಾರವನ್ನು ಬಿಟ್ಟು, ಬರಿಗೈಯಲ್ಲಿ ಹಿಂದೆ ಬಂದಾಗ ಅವನಿಗೆ ಮೈ ಜುಮ್ಮೆಂದಿತ್ತು.

"ಇದಕ್ಕೆ ಇಷ್ಟು ಖುಷಿಯಾ ಭಾವ ನಿಂಗೆ?" ಎಂದ ಗಣಪತಿ, ಗಲ್ಲಾದಲ್ಲಿ ಕೂತಲ್ಲಿಂದಲೇ. "ಆ ಮಿಲ್ಲಿನ ಹಮಾಲಿಗಳು ಎಲ್ಲಿದ್ದಾರೆ ಗೊತ್ತುಂಟಾ?"

"ಎಲ್ಲಿ?"

"ಒಬ್ಬ ನನ್ನ ಹಿತ್ತಲಲ್ಲಿ ಉದ್ದಿನಬೇಳೆ ರುಬ್ತಾ ಇದ್ದಾನೆ. ಕೈ ಮಾತ್ರ ಕಬ್ಬಿಣ. ಬೇಕಾದ್ರೆ ಹೋಗಿ ಮಾತಾಡ್ಸು, ನಿನ್ನ ರಿಪೋರ್ಟಿಗೆ ಆದೀತು."

ರಘುರಾಮ ಹೋಗಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಮಾತು ಬದಲಿಸಿದ.

ಸೂರತ್ತಿನಲ್ಲಿ ನೋಡಿದ್ದು ಬೇರೆ. ಕತಾರ್‌ಗಾಮಿನ ನೂಲಿನ ಗೋದಾಮೊಂದರಲ್ಲಿ ಅದೇ ಕಂಪನಿಯ ಯಂತ್ರ ಮೂಲೆಯಲ್ಲಿ ನಿಂತಿತ್ತು. ಕಂಬಕ್ಕೆ ಕುಂಕುಮ, ನಾಲಿಗೆಗಳಿಗೆ ಒಣಗಿದ ಚೆಂಡುಹೂವಿನ ಸರ, ಸೀಟಿನ ಮೇಲೆ ತೆಂಗಿನಕಾಯಿಯ ಚಿಪ್ಪು. ಅಲ್ಲಿನ ಸ್ಟೋರ್‌ಕೀಪರ್ ಬಹಳ ಮರ್ಯಾದೆಯಿಂದ ತೋರಿಸಿದ.

"ಓಡುವುದಿಲ್ಲವೇ?"

"ವರ್ಷಕ್ಕೊಮ್ಮೆ ಪೂಜೆ ಮಾಡುತ್ತೇವೆ. ಓಡಿದ್ದು ಹನ್ನೊಂದು ದಿನ."

"ಯಾಕೆ?"

ಸ್ಟೋರ್‌ಕೀಪರ್ ಚಪ್ಪಲಿಯ ತುದಿಯಿಂದ ನೆಲ ತೋರಿಸಿದ. ಕಲ್ಲು ಹಾಸಿನ ನೆಲ. ಅಲ್ಲಲ್ಲಿ ಸಂದು, ಅಲ್ಲಲ್ಲಿ ಉಬ್ಬು. "ಇದರ ಗಾಲಿ ನೋಡಿ, ನನ್ನ ಅಂಗೈಯಷ್ಟಿಲ್ಲ. ಲಾರಿಯ ಗಾಲಿ ಹೊಂಡವನ್ನು ದಾಟುತ್ತದೆ, ಇದು ಹೊಂಡದಲ್ಲಿ ಕೂರುತ್ತದೆ. ಹನ್ನೊಂದನೆಯ ದಿನ ಮೇಲಿನಿಂದ ಆರು ಪೆಟ್ಟಿಗೆ ಬಿದ್ದವು. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಆರಿಸಿದ ಸಾಹೇಬರು ಮುಂಬಯಿಗೆ ಹೋದರು. ಹಮಾಲಿಗಳನ್ನು ವಾಪಸು ಕರೆದೆವು."

ವಾಪಸು ಕರೆದೆವು. ವಡೋದರಾಕ್ಕೆ ಮರಳುವ ರೈಲಿನಲ್ಲಿ ಆ ಎರಡು ಶಬ್ದ ರಘುರಾಮನ ತಲೆಯಲ್ಲಿ ಗಾಲಿಯ ಸದ್ದಿಗೆ ತಾಳ ಹಾಕಿದವು. ತನ್ನ ಗೋದಾಮಿನ ನೆಲವನ್ನು ತಾನು ನೋಡಿಯೇ ಇಲ್ಲ.

ಮರುದಿನ ಕೋದರಕಾಕಾನ ಹತ್ತಿರ ಕೇಳಿದ. ಕಾಕಾ ಒಂದು ಬಕೆಟ್ ನೀರು ತಂದು ಗಲ್ಲಿಯ ಒಳತುದಿಯಲ್ಲಿ ಸುರಿದ. ನೀರು ಒಂದು ಕ್ಷಣ ಯೋಚಿಸಿ ಬಾಗಿಲ ಕಡೆಗೆ ಹೊರಟಿತು. ಇಬ್ಬರೂ ಅದರ ಜೊತೆ ನಡೆದುಕೊಂಡು ಹೋದರು. ಎಂಬತ್ತು ಅಡಿ ಗಲ್ಲಿಯ ಕೊನೆಗೆ ನೀರು ಮೆಟ್ಟಿಲಿಳಿದು ಮೋರಿಗೆ ಸೇರಿತು.

"ಇಟ್ಟಿರುವುದೇ ಹಾಗೆ ಸಾಹೇಬ್. ಬಣ್ಣ ಚೆಲ್ಲಿದರೆ ತೊಳೆಯಬೇಕಲ್ಲ. ಕಟ್ಟುವಾಗ ಶಂಕರ್ ಸಾಹೇಬರು ಇಲ್ಲೇ ನಿಂತು ಗಾರೆಯವನಿಗೆ ಹೇಳಿದ್ದು, ಹತ್ತಡಿಗೆ ಒಂದಿಂಚು ಇಳಿಜಾರು ಕೊಡು ಎಂದು. ಮನೆಯ ಬಚ್ಚಲಿಗೆ ಕೊಡುವ ಹಾಗೆ."

ಹತ್ತಡಿಗೆ ಒಂದಿಂಚು. ರಘುರಾಮ ಅಲ್ಲೇ ಚೀಲದ ಮೇಲೆ ಕೂತು ಲೆಕ್ಕ ಹಾಕಿದ. ಯಂತ್ರ ರ‍್ಯಾಕಿಗೆ ಎದುರಾಗಿ ನಿಂತರೆ ನೆಲದ ಇಳಿಜಾರು ಅದರ ಪಕ್ಕಕ್ಕೆ ಬರುತ್ತದೆ. ಹದಿನೆಂಟಡಿ ಮೇಲೆ ಕಂಬದ ತಲೆ ಎರಡಿಂಚು ವಾಲುತ್ತದೆ. ಭಾರಕ್ಕೆ ಕಂಬ ತೊನೆಯುವುದು ಸೇರಿದರೆ ಮೂರು. ಚೀಲ ಪೇರಿಸುವ ಮರದ ಹಲಗೆಗೆ, ಅಂದರೆ ಪ್ಯಾಲೆಟ್ಟಿಗೆ, ರ‍್ಯಾಕಿನೊಳಗೆ ಆಚೀಚೆ ಇರುವ ಜಾಗವೇ ಮೂರಿಂಚು. ಆರು ಪೆಟ್ಟಿಗೆಯಲ್ಲ, ಇಡೀ ಸಾಲೇ ಬೀಳುತ್ತದೆ.

ಅವನಿಗೆ ಇದ್ದಕ್ಕಿದ್ದಂತೆ ಹಗುರವೆನಿಸಿತು. ಫೋರ್ಕ್‌ಲಿಫ್ಟಿಗೆ ಗಲ್ಲಿ ಸಾಲದು. ರೀಚ್ ಟ್ರಕ್ಕಿಗೆ ನೆಲ ಆಗದು. ಹಾಗಾದರೆ ಈ ಗೋದಾಮಿಗೆ ಒಗ್ಗುವುದು ಮನುಷ್ಯರು ಮಾತ್ರ. ಯಾರ ಮುಲಾಜೂ ಇಲ್ಲದೆ, ಯಾರ ಮೇಲೂ ಕನಿಕರ ತೋರಿಸದೆ, ಬರೀ ಇಂಚು ಅಡಿಗಳಲ್ಲಿ ಹದಿನಾರು ಜನರನ್ನು ಉಳಿಸಬಹುದು! ಅದಕ್ಕಿಂತ ಚಂದದ ರಿಪೋರ್ಟು ಯಾರು ಬರೆದಾರು?

ಬರೆದ. ಇಪ್ಪತ್ತೆರಡು ಪುಟ. ಗಲ್ಲಿಯ ಅಗಲ, ಚೀಲದ ಹೊಟ್ಟೆ, ಎತ್ತರಕ್ಕೇರಿದಂತೆ ಎತ್ತುವ ಶಕ್ತಿ ಕುಗ್ಗುವುದು — ನೆಲದ ಹತ್ತಿರ ಒಂದು ಟನ್ನು ಎತ್ತುವ ಯಂತ್ರ ಹದಿನೆಂಟಡಿಯಲ್ಲಿ ಎತ್ತುವುದು ಏಳುನೂರು ಕಿಲೋ ಮಾತ್ರ — ಬ್ಯಾಟರಿಗೆ ಬೇಕಾದ ಕೋಣೆ, ಅದರ ಆಮ್ಲ, ಗಾಳಿ. ನೆಲದ ವಿಷಯಕ್ಕೇ ನಾಲ್ಕು ಪುಟ. ಬರೆಯುತ್ತ ಹೋದಂತೆ ಬರೆಯುವ ಸುಖವೇ ಅವನನ್ನು ಎಳೆದುಕೊಂಡು ಹೋಯಿತು. ಕೂದಲೆಳೆಯಷ್ಟೂ ಬಿಡಬಾರದು ಎಂದು ರಾಯರು ಹೇಳಿದ್ದರಲ್ಲ. ಯಾವ ಬಗೆಯ ನೆಲವಿದ್ದರೆ ಯಂತ್ರ ಓಡುತ್ತದೆ ಎಂಬುದನ್ನೂ ಬರೆದ: ಹತ್ತಡಿಗೆ ಎಂಟರಲ್ಲೊಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕೊನೆಗೆ ಅನುಬಂಧ. ಅದರಲ್ಲಿ ಕಂಪನಿಯ ಪುಸ್ತಿಕೆಯಲ್ಲಿದ್ದ ಶಿಫಾರಸುಗಳನ್ನು ಒಂದೊಂದಾಗಿ ಇಳಿಸಿದ. ಏಳನೆಯದು ಚಾಲಕನ ಬಗ್ಗೆ: ವಯಸ್ಸು ಮೂವತ್ತೈದು ಮೀರಿರಬಾರದು, ಮಾಪಕಗಳನ್ನು ಓದುವಷ್ಟು ಶಾಲಾ ವಿದ್ಯೆ ಇರಬೇಕು. ಅಲ್ಲಿ ಅವನ ಕೈ ನಿಲ್ಲಲಿಲ್ಲ. 'ಶಾಲಾ ವಿದ್ಯೆ' ಎಂಬುದು ತೀರಾ ಸಡಿಲವೆನಿಸಿ 'ಮೆಟ್ರಿಕ್' ಎಂದು ತಾನೇ ಬಿಗಿ ಮಾಡಿದ. ಯಂತ್ರವೇ ಬರುವುದಿಲ್ಲ ಎಂದ ಮೇಲೆ ಅದರ ಚಾಲಕ ಯಾರಾದರೇನು? ಸಹಿ ಹಾಕಿ ರಾಯರ ಮೇಜಿನ ಮೇಲಿಟ್ಟ.

ಎರಡು ವಾರ ಬಿಟ್ಟು ರಾಯರು ಕರೆದರು. ಮುಖದ ತುಂಬ ನಗು.

"ಎಂಥ ರಿಪೋರ್ಟು ಮಾರಾಯ! ನನ್ನ ಮೂವತ್ತು ವರ್ಷದ ಸರ್ವೀಸಲ್ಲಿ ಇಂಥದ್ದು ನೋಡ್ಲಿಲ್ಲ. ಇಳಿಜಾರು ಕೊಡಿಸಿದ್ದು ನಾನೇ, ಒಪ್ಪಿದೆ. ಆವಾಗ ಇದೆಲ್ಲ ಯಾರಿಗೆ ಗೊತ್ತಿತ್ತು? ನೀನು ಹೇಳದಿದ್ರೆ ಯಂತ್ರ ತಂದು ಮರ್ಯಾದೆ ಹೋಗ್ತಿತ್ತು."

"ಹಾಗಾದ್ರೆ ಯಂತ್ರ ಬೇಡ ಅಂತ..."

"ಬೇಡವಾ? ಯಾರು ಹೇಳಿದ್ದು? ನೀನೇ ಬರ್ದಿದ್ದೀಯಲ್ಲ, ಹದಿನಾಲ್ಕನೇ ಪುಟ. ಹತ್ತಡಿಗೆ ಎಂಟರಲ್ಲೊಂದು ಇಂಚು. ನೆಲ ಸಮ ಮಾಡಿದ್ರೆ ಆಯ್ತು. ಬೋರ್ಡಿನವರಿಗೂ ಅದೇ ಹಿಡಿಸಿದ್ದು: ರೋಗ ಹೇಳಿ ಮದ್ದೂ ಹೇಳಿದ್ದಾನೆ ಹುಡುಗ ಅಂತ. ನಾಳೆ ಆರ್ಡರು ಹೋಗ್ತದೆ. ಸೂಯೆಜ್ ಕಾಲುವೆ ಮುಚ್ಚಿದೆ, ಆಫ್ರಿಕ ಸುತ್ತಿ ಬರ್ಲಿಕ್ಕೆ ಮೇ ತಿಂಗಳಾದೀತು. ಅಷ್ಟರೊಳಗೆ ನೆಲ ಆಗ್ಬೇಕು."

"ನೆಲ ಯಾರು ಮಾಡ್ತಾರೆ ಸಾರ್?"

"ಒಬ್ಬ ಗಾರೆಯವನು ಸಾಕು. ಉಳಿದದ್ದಕ್ಕೆ ಕೋದರನ ಟೋಳಿ ಇದೆಯಲ್ಲ. ಹೇಗೂ ಮೇ ತನಕ ಅವರು ಬೇಕು."

ಅವರು 'ಮೇ ತನಕ' ಎಂದದ್ದು ಕ್ಯಾಲೆಂಡರಿನ ಹಾಳೆ ಮಗುಚಿದಷ್ಟು ಸಹಜವಾಗಿ. ಕಿಟಕಿಯಾಚೆ ಕೋದರಕಾಕಾ ಯಾರನ್ನೋ ಗದರಿಸುತ್ತಿದ್ದ. ರಘುರಾಮನಿಗೆ ಅನುಬಂಧದ ಏಳನೆಯ ಸಾಲು ನೆನಪಾದದ್ದು ಆಗ. ಬಾಯಿ ತೆರೆದ; ರಾಯರು ಅಷ್ಟರಲ್ಲಿ ಫೋನು ಎತ್ತಿಕೊಂಡಿದ್ದರು. ಇನ್ನೂ ಸಮಯವಿದೆ, ಹೇಳಿದರಾಯಿತು ಎಂದು ಹೊರಗೆ ಬಂದ.

ನೆಲದ ಕೆಲಸ ಡಿಸೆಂಬರಿನಲ್ಲಿ ಶುರುವಾಯಿತು. ಆರು ಸಾವಿರ ಚೀಲಗಳನ್ನು ಟೋಳಿ ಬೆನ್ನ ಮೇಲೆ ಹೊರಗೆ ಹೊತ್ತು ಟಾರ್ಪಾಲಿನ ಕೆಳಗೆ ಪೇರಿಸಿತು. ರ‍್ಯಾಕುಗಳನ್ನು ಬಿಚ್ಚಿ ಒಯ್ದರು. ಹಳೆಯ ನೆಲವನ್ನು ಕೊಚ್ಚಿ ಒರಟು ಮಾಡಿದರು. ಬಾಗಿಲ ಕಡೆ ಎಂಟಿಂಚು ತುಂಬಬೇಕು, ಒಳತುದಿಯಲ್ಲಿ ಬರೀ ಪದರ. ಗಾರೆಯವನು ಕಣ್ಣಳತೆಯ ಮನುಷ್ಯ. ಎಂಟರಲ್ಲೊಂದು ಇಂಚು ಎಂದರೆ ನಕ್ಕುಬಿಟ್ಟ. ನಗದೇ ಇದ್ದವನು ಕೋದರಕಾಕಾ ಒಬ್ಬನೇ. ನೀರು ತುಂಬಿದ ರಬ್ಬರು ಕೊಳವೆಯ ಎರಡು ತುದಿಗೆ ಗಾಜಿನ ನಳಿಗೆ ಸಿಕ್ಕಿಸಿ ಮಟ್ಟ ನೋಡುವುದನ್ನು ಎರಡು ದಿನದಲ್ಲಿ ಕಲಿತ. ಮೂರನೆಯ ದಿನ ಗಾರೆಯವನಿಗೇ ಕಲಿಸತೊಡಗಿದ. ಹಸಿ ಕಾಂಕ್ರೀಟಿನ ಪಕ್ಕದಲ್ಲಿ ಹಲಗೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಒಂದು ಕಣ್ಣು ಮುಚ್ಚಿ, ನೆಲದುದ್ದಕ್ಕೂ ನೋಡುತ್ತಿದ್ದ.

"ಅಷ್ಟೇನೂ ಬೇಡ ಕಾಕಾ, ಸಾಕು," ಎಂದ ರಘುರಾಮ ಒಂದು ದಿನ. ಅವನ ಕೈಯಲ್ಲಿ ಮಟ್ಟ ನೋಡುವ ಸ್ಪಿರಿಟ್ ಲೆವೆಲ್ಲು ಇತ್ತು. ನೋಡಲು ಏನೂ ಉಳಿದಿರಲಿಲ್ಲ.

"ಸಾಕಾ? ಓಡಿಸುವವನು ನಾನು. ಬಿದ್ದರೆ ಬೀಳುವವನೂ ನಾನು." ಕಾಕಾ ಎದ್ದು ಮೊಣಕೈಯ ಸಿಮೆಂಟು ಒರೆಸಿಕೊಂಡ. "ಮನೆಯಲ್ಲಿ ಹೇಳಿಬಿಟ್ಟಿದ್ದೇನೆ ಸಾಹೇಬ್. ನನ್ನ ಹೆಂಡತಿ ಕೇಳುತ್ತಾಳೆ, ಅಡ್ಡ ಕೂತು ಓಡಿಸುವುದೆಂದರೆ ಹೆಂಗಸರು ಸೈಕಲ್ಲಿನ ಹಿಂದೆ ಕೂತ ಹಾಗಾ ಅಂತ. ನಾನೇನು ಹೇಳಲಿ?"

ಸುತ್ತ ಇದ್ದವರೆಲ್ಲ ನಕ್ಕರು. ರಘುರಾಮನೂ ನಕ್ಕ. ನಗುತ್ತಲೇ ಅವನಿಗೆ ಗೊತ್ತಾಯಿತು, ಇವತ್ತು ಹೇಳಿದರೆ ಈ ನೆಲ ನಾಳೆ ಇಲ್ಲಿಗೇ ನಿಲ್ಲುತ್ತದೆ ಎಂದು. ನೆಲ ನಿಂತರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ತನ್ನ ಖಾಯಂ ಕಾಗದವೂ. ಹಾಗೆ ಯೋಚಿಸಿದ್ದು ತಾನಲ್ಲ ಎಂಬಂತೆ ಅವನು ಸ್ಪಿರಿಟ್ ಲೆವೆಲ್ಲನ್ನು ಇನ್ನೊಮ್ಮೆ ನೆಲಕ್ಕಿಟ್ಟ. ಗುಳ್ಳೆ ಎರಡು ಗೀಟುಗಳ ನಟ್ಟನಡುವೆ ಕೂತಿತು.

ಫೆಬ್ರವರಿ ಕೊನೆಗೆ ನೆಲ ಒಣಗಿತು. ಬಕೆಟ್ಟಿನಿಂದ ಸುರಿದ ನೀರು ಸುರಿದಲ್ಲೇ ಹರಡಿ ನಿಂತಿತು. ಯಾವ ಕಡೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ. ರ‍್ಯಾಕುಗಳು ಬಂದವು, ಆರು ಸಾವಿರ ಚೀಲ ಮತ್ತೆ ಒಳಗೆ ಬಂದವು. ಏಪ್ರಿಲ್‌ನಲ್ಲಿ ನೋಟೀಸು ಬೋರ್ಡಿನ ಮೇಲೆ ಚಾಲಕರಿಗೆ ಅರ್ಜಿ ಕರೆದರು. ಮೂವತ್ತೈದರೊಳಗಿನವರು, ಮೆಟ್ರಿಕ್ ಪಾಸಾದವರು.

ರಘುರಾಮ ರಾಯರ ಕೋಣೆಗೆ ಓಡಿದ.

"ಸಾರ್, ಆ ಏಳನೇದು ತೆಗೀಬೇಕು. ಅದು ಬರೀ ಶಿಫಾರಸು. ಮೆಟ್ರಿಕ್ ಅಂತ ಪುಸ್ತಿಕೆಯಲ್ಲಿ ಇಲ್ಲವೇ ಇಲ್ಲ, ನಾನೇ ಸೇರಿಸಿದ್ದು."

"ನೀನೇ ಸೇರಿಸಿದ್ದಾ?" ರಾಯರು ಕನ್ನಡಕ ತೆಗೆದರು. "ಯಾಕೆ?"

"ಬರೀತಾ ಬರೀತಾ..."

"ಬರೀತಾ ಬರೀತಾ!" ರಾಯರು ಹೊಟ್ಟೆ ಕುಲುಕಿಸಿ ನಕ್ಕರು. ಆಮೇಲೆ ನಗು ನಿಲ್ಲಿಸಿ ತಗ್ಗಿದ ದನಿಯಲ್ಲಿ ಹೇಳಿದರು: "ಕೇಳು. ಬೋರ್ಡು ಒಪ್ಪಿಯಾಗಿದೆ. ವಿಮೆಯವರು ಅದೇ ಅನುಬಂಧ ಹಿಡಿದು ಪಾಲಿಸಿ ಬರ್ದಿದ್ದಾರೆ. ತಪ್ಪಾಗಿದೆ ಅಂತ ನೀನು ಬರೆದು ಕೊಡು, ನಾನು ಮೇಲೆ ಕಳಿಸ್ತೇನೆ, ಅಡ್ಡಿ ಇಲ್ಲ. ಆದ್ರೆ ಒಂದು ಸಾಲು ಪೊಳ್ಳಾದ್ರೆ ಉಳಿದ ಇಪ್ಪತ್ತೊಂದು ಪುಟ ಎಷ್ಟು ಗಟ್ಟಿ ಅಂತ ಕೇಳ್ತಾರೆ. ಈ ತಿಂಗಳು ನಿನ್ನ ಖಾಯಂ ಕಾಗದ ಹೋಗ್ಲಿಕ್ಕುಂಟು. ಬರೀತೀಯಾ?"

ಮೇಜಿನ ಮೇಲೆ ಕಾಗದವಿತ್ತು, ಪೆನ್ನೂ ಇತ್ತು. ರಾಯರು ಎರಡನ್ನೂ ಅವನ ಕಡೆಗೆ ತಳ್ಳಿದರು. ಒತ್ತಾಯವಿಲ್ಲ, ಬೆದರಿಕೆಯಿಲ್ಲ; ಊಟಕ್ಕೆ ಕೂತವನಿಗೆ ಮಜ್ಜಿಗೆ ತಳ್ಳಿದ ಹಾಗೆ. ರಘುರಾಮ ಪೆನ್ನು ಮುಟ್ಟಿದ. ಅದರ ಟೊಪ್ಪಿಗೆ ತೆಗೆದ. ಮತ್ತೆ ಹಾಕಿದ.

"ಇನ್ನೊಮ್ಮೆ ಯೋಚಿಸಿ ಬರೀತೇನೆ ಸಾರ್."

"ಹಾಗೇ ಮಾಡು," ಎಂದರು ರಾಯರು. ಕಾಗದವನ್ನು ಹಿಂದಕ್ಕೆ ಎಳೆದುಕೊಂಡು ಅದರ ಮೇಲೆ ಬೇರೇನೋ ಬರೆಯತೊಡಗಿದರು.

ಯೋಚಿಸಲಿಲ್ಲ. ತಿಂಗಳ ಕೊನೆಯಲ್ಲಿ ಖಾಯಂ ಕಾಗದ ಬಂತು. ನೋಟೀಸನ್ನು ಕೋದರಕಾಕಾನಿಗೆ ಯಾರೋ ಅಷ್ಟರಲ್ಲೇ ಓದಿ ಹೇಳಿದ್ದರು. ಆದರೂ ಅವನು, ಸಾಹೇಬರು ಏನೋ ಮಾಡಿರುತ್ತಾರೆ, ನೋಟೀಸೆಲ್ಲ ಹೊರಗಿನವರಿಗೆ, ನಮಗಲ್ಲ ಎಂದು ಟೋಳಿಯವರಿಗೆ ಸಮಾಧಾನ ಹೇಳುತ್ತಿದ್ದನಂತೆ.

ಮೇ ಎರಡನೆಯ ವಾರ ಮುಂಬಯಿಯಿಂದ ಲಾರಿಯಲ್ಲಿ ಯಂತ್ರ ಬಂತು. ಜೊತೆಗೆ ಕಂಪನಿಯ ಏಜೆಂಟರ ಕಡೆಯ ಒಬ್ಬ ಪಾರ್ಸಿ ಇಂಜಿನಿಯರು. ಪರೀಕ್ಷೆಗೆ ಏಳುನೂರು ಕಿಲೋ ಚೀಲಗಳನ್ನು ಪ್ಯಾಲೆಟ್ಟಿನ ಮೇಲೆ ಪೇರಿಸಿಕೊಟ್ಟದ್ದು ಕೋದರಕಾಕಾನೇ. ಹದಿನಾಲ್ಕು ಚೀಲ, ಒಂದಕ್ಕೂ ಹೊಟ್ಟೆಯಿಲ್ಲದ ಹಾಗೆ ಬಡಿದು ಬಡಿದು ಚೌಕ ಮಾಡಿದ್ದ. ಬಿಳಿ ಅಂಗಿಯ ಹೊಸ ಚಾಲಕ, ಮೆಟ್ರಿಕ್ ಪಾಸಾಗಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ನಡಿಯಾದ್ ಪಟ್ಟಣದವನು, ಸೀಟಿನ ಮೇಲೆ ಅಡ್ಡ ಕೂತ. ಭಾರ ಹದಿನೆಂಟಡಿ ಏರಿತು. ಕಂಬ ಮುಂದಕ್ಕೆ ಜಾರಿತು. ಆಚೆ ಮೂರಿಂಚು, ಈಚೆ ಮೂರಿಂಚು. ಚಪ್ಪಾಳೆಯಾಯಿತು. ಟೋಳಿಯ ಕೆಲವರೂ ತಟ್ಟಿದರು.

ಎಲ್ಲರೂ ಸಿಹಿ ತಿನ್ನಲು ಆಫೀಸಿನ ಕಡೆ ಹೋದ ಮೇಲೆ ಕಾಕಾ ಬಂದು ರಘುರಾಮನ ಪಕ್ಕದಲ್ಲಿ ನಿಂತ.

"ಆ ಮಾತು ಯಾವ ಪುಟದಲ್ಲಿದೆ ಸಾಹೇಬ್? ಮೂವತ್ತೈದು ಅನ್ನುವುದು?"

ರಿಪೋರ್ಟಿನ ಪ್ರತಿ ರಘುರಾಮನ ಕಂಕುಳಲ್ಲೇ ಇತ್ತು. ಪುಟ ತೆಗೆದು ತೋರಿಸಿದ. ಕಾಕಾ ಬಗ್ಗಿ ನೋಡಿದ. ಓದಲು ಬರದಿದ್ದರೂ ಸಾಲಿನಿಂದ ಸಾಲಿಗೆ ಕಣ್ಣು ಇಳಿಸಿ ಕೊನೆಗೆ ಮಸಿಯ ಗೀಚಿನ ಮೇಲೆ ಬೆರಳಿಟ್ಟ.

"ಇದು?"

"ಸಹಿ. ನನ್ನದು."

"ಅಕ್ಷರ ಚೆನ್ನಾಗಿದೆ."

"ಕಾಕಾ, ನಾನು ಹೇಳಬೇಕೆಂದಿದ್ದೆ. ನೆಲದ ಕೆಲಸ ಶುರುವಾಗುವ ಮೊದಲೇ..."

"ಒಳ್ಳೆಯದೇ ಆಯಿತು ಹೇಳದಿದ್ದದ್ದು," ಎಂದ ಕಾಕಾ. ಬಾಗಿ ಒಂದು ಕೈಯಿಂದ ನೆಲವನ್ನು ಸವರಿದ. "ಹೇಳಿದ್ದರೆ ಇದು ಇಷ್ಟು ಸಮ ಬರುತ್ತಿರಲಿಲ್ಲ."

ರಘುರಾಮ ಬೈಗುಳಕ್ಕೆ ತಯಾರಾಗಿ ನಿಂತಿದ್ದ. ಬೈದಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಅಷ್ಟರಲ್ಲಿ ಪಾರ್ಸಿ ಇಂಜಿನಿಯರು ಬಾಯಲ್ಲಿ ಪೇಡೆ ಇಟ್ಟುಕೊಂಡೇ ವಾಪಸು ಬಂದ. ಇಂಥ ನೆಲ ತಾನು ಮುಂಬಯಿಯಲ್ಲೂ ನೋಡಿಲ್ಲ, ಮಾಡಿದವರು ಯಾರು ಎಂದು ಕೇಳಿದ. ರಘುರಾಮ ಕೈ ತೋರಿಸಿದ. ಇಂಜಿನಿಯರು ತನ್ನ ಗುಜರಾತಿಯಲ್ಲಿ ನೇರವಾಗಿ ಕಾಕಾನ ಹತ್ತಿರವೇ ಮಾತಾಡಿದ. ಅಹಮದಾಬಾದಿನಲ್ಲಿ ಒಂದು ದೊಡ್ಡ ಗೋದಾಮಿದೆ, ಅಲ್ಲಿಗೂ ಯಂತ್ರ ಬರುವುದಿದೆ, ಅಲ್ಲಿಯೂ ಇಳಿಜಾರಿನದೇ ತೊಂದರೆ. ಅದು ಮುಗಿದರೆ ಸೂರತ್ತಿನಲ್ಲಿ ಎರಡು. ಟೋಳಿಯನ್ನು ಕರೆದುಕೊಂಡು ಬರುತ್ತೀಯಾ?

ಕಾಕಾ ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಕೊಡವಿದ.

"ಅಲ್ಲಿ ಹಮಾಲಿಗಳು ಎಷ್ಟು ಜನ ಇದ್ದಾರೆ ಸಾಹೇಬ್?"

"ನಲವತ್ತೋ ಐವತ್ತೋ. ಯಾಕೆ? ಅವರೇನು ನಿನ್ನ ಕೆಲಸಕ್ಕೆ ಅಡ್ಡ ಬರುವುದಿಲ್ಲ."

"ಬರುವುದಿಲ್ಲ, ಗೊತ್ತು," ಎಂದ ಕಾಕಾ. "ಬರುತ್ತೇವೆ. ಹದಿನಾರು ಜನ."

ಇಂಜಿನಿಯರು ಸಂತೋಷದಿಂದ ಒಂದು ಚೀಟಿ ತೆಗೆದು, ನೆಲ ಉತ್ತಮವಾಗಿದೆ ಎಂಬ ನಮೂನೆಗೆ ಸಹಿ ಮಾಡಿಕೊಡಿ, ಅಹಮದಾಬಾದಿನವರಿಗೆ ಅದನ್ನೇ ತೋರಿಸುತ್ತೇನೆ, ಇವರಿಗೆ ಬೇರೆ ಶಿಫಾರಸು ಬೇಡ ಎಂದು ರಘುರಾಮನ ಕೈಗಿತ್ತ. ಬರೆಯಲು ಆಸರೆಯಿರಲಿಲ್ಲ. ಕಾಕಾ ತಿರುಗಿ ತನ್ನ ಬೆನ್ನು ಬಗ್ಗಿಸಿ ಕೊಟ್ಟ.

ಅದರ ಮೇಲೆ ಕಾಗದವಿಟ್ಟು ರಘುರಾಮ ಸಹಿ ಮಾಡಿದ. ಅಂಗಿಯ ಕೆಳಗೆ ಬೆನ್ನು ಕಲ್ಲಿನಂತೆ ಗಟ್ಟಿಯಾಗಿತ್ತು. ಪೆನ್ನು ಎಲ್ಲೂ ತಡವರಿಸಲಿಲ್ಲ.